ಕೊಟ್ಟಿಗೆ ಹಿಂದಿನ ಕಲ್ಲುಬಾನಿ

ಸ್ವೀಡನ್ನಿಗೆ ಬಂದ ಮೇಲೆ ಪದ್ಮಿನಿ ಮೂರು ತುಳಸಿ ಗಿಡಗಳನ್ನು ಕಳೆದುಕೊಂಡಿದ್ದಳು. ಮೊದಲನೆಯದು ಬಾಡಿಗೆ ಫ್ಲ್ಯಾಟಿನ ಕಿಟಕಿಯಲ್ಲಿ ಬಿಸಿಲು ಕಾಣದೆ ಹೋಯಿತು. ಎರಡನೆಯದನ್ನು ಹೀಟರಿನ ಪಕ್ಕ ಇಟ್ಟು ಅವಳೇ ಒಣಗಿಸಿದಳು. ಮೂರನೆಯದನ್ನು ಗೆಳತಿ ಶ್ರಾವಣಿಯ ಕೈಗೆ ಒಪ್ಪಿಸಿ ರಜೆಗೆ ಬೆಂಗಳೂರಿಗೆ ಹೋಗಿದ್ದಳು. ಶ್ರಾವಣಿ ನೀರು ಹಾಕುವುದನ್ನು ಮರೆತಳು, ಪದ್ಮಿನಿ ಅವಳನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಹೀಗಾಗಿ ಗಂಡ ಶಿವಪ್ರಸಾದ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಿಂದ ಒಂದು ಗಂಟೆ ದೂರದ ಹಳ್ಳಿಯಲ್ಲಿ ಹಳೆಯ ಮರದ ಮನೆ ಕೊಳ್ಳುವ ಮಾತೆತ್ತಿ, ಸಾಲದ ಬಡ್ಡಿ ಎಷ್ಟು, ಹಿಮ ಬಿದ್ದಾಗ ರಸ್ತೆ ಹೇಗಿರುತ್ತದೆ, ಮಗಳು ಇರಾಳಿಗೆ ದಾಗಿಸ್, ಅಂದರೆ ಶಿಶುವಿಹಾರ, ಎಷ್ಟು ಹತ್ತಿರ ಎಂದೆಲ್ಲ ವಿವರಿಸುತ್ತಿದ್ದಾಗ ಅವಳು ಕೇಳಿದ್ದು ಒಂದೇ ಮಾತು.

“ಅಂಗಳ ಇದೆಯೇನ್ರೀ?”

ಅಂಗಳ ಇತ್ತು. ಅಂಗಳದ ತುದಿಯಲ್ಲಿ ದನಗಳಿಲ್ಲದ ಕೊಟ್ಟಿಗೆಯಿತ್ತು, ಕೊಟ್ಟಿಗೆಯ ಹಿಂದೆ ತುರುಚೆ ಗಿಡಗಳ ನಡುವೆ ಬೋರಲು ಬಿದ್ದ ಒಂದು ಗುಂಡನೆಯ ಕಲ್ಲಿತ್ತು. ಎದುರು ಮನೆಯ ಗುನ್ವೋರ್ ಎಂಬ ಎಂಬತ್ತರ ಮುದುಕಿ ಕಲ್ಲಿನ ಕಥೆ ಹೇಳಿದಳು. ಈ ಮನೆ ಅವಳ ತೀರಿಕೊಂಡ ಅಣ್ಣನದು. ಕಲ್ಲು ಅವಳ ಅಜ್ಜನ ಕಾಲದಿಂದಲೂ ದನಗಳು ನೀರು ಕುಡಿಯುವ ಬಾನಿ. ದನಗಳನ್ನು ಮಾರಿದ ಮೇಲೆ ಅದನ್ನು ಬೋರಲು ಹಾಕಿದ್ದರು, ಆಮೇಲೆ ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ.

ಗುನ್ವೋರಳ ಸಂಬಂಧಿಯೊಬ್ಬನ ಟ್ರ್ಯಾಕ್ಟರಿನಿಂದ ಕಲ್ಲನ್ನು ಎತ್ತಿ ಮಗುಚಿದಾಗ ಪದ್ಮಿನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮೊಣಕಾಲೆತ್ತರದ ಕಲ್ಲು, ಒಳಗೆ ಆಳವಾಗಿ, ನುಣ್ಣಗೆ ತೋಡಿದ ಹೊಂಡ. ನಡುವೆ ನೀರಿಳಿಯಲು ತೂತು ಕೂಡ ಇತ್ತು, ದನಗಳಿಗೆಂದು ಅದಕ್ಕೆ ಹೊಡೆದಿದ್ದ ಮರದ ಬೆಣೆ ಕೈ ತಾಗಿಸಿದರೆ ಪುಡಿಯಾಗುವಷ್ಟು ಕೊಳೆತಿತ್ತು. ತುಳಸಿಗೆ ಇನ್ನೇನು ಬೇಕು? ಪಾಚಿ ಉಜ್ಜಿದಾಗ ಸುತ್ತಲೂ ಹಗ್ಗ ಹೊಸೆದಂತಹ ಒಂದು ಪಟ್ಟಿ ಕಾಣಿಸಿತು, ಅದರ ಕೆಳಗೆ ನಾಲಿಗೆ ಚಾಚಿದ ಸಿಂಹ. ಸಿಂಹ ಕಂಡದ್ದೇ ತಡ, ಇದು ತನಗಾಗಿಯೇ ಕಾದು ಕುಳಿತ ಕಲ್ಲು ಎಂದು ಅವಳು ತೀರ್ಮಾನಿಸಿಬಿಟ್ಟಳು.

ಕಟ್ಟೆ ಎಂದ ಮೇಲೆ ಕೆಮ್ಮಣ್ಣು ಬಳಿಯಬೇಕು, ಸುಣ್ಣದ ಪಟ್ಟೆ ಎಳೆಯಬೇಕು. ಸ್ವೀಡನ್ನಿನಲ್ಲಿ ಕೆಮ್ಮಣ್ಣು ಎಲ್ಲಿಂದ ಬರಬೇಕು ಎಂದು ಯೋಚಿಸುತ್ತ ತಲೆಯೆತ್ತಿದವಳಿಗೆ ತನ್ನ ಮನೆಯ ಗೋಡೆಯೇ ಕಂಡಿತು. ಇಲ್ಲಿನ ಹಳ್ಳಿ ಮನೆಗಳೆಲ್ಲ ಗಣಿಯ ಮಣ್ಣಿನಿಂದ ಮಾಡುವ ಒಂದೇ ಕೆಂಪು ಬಣ್ಣ ಬಳಿದುಕೊಂಡು ನಿಂತಿರುತ್ತವೆ. ಷೆಡ್ಡಿನಲ್ಲಿ ಅದರ ಅರ್ಧ ಡಬ್ಬಿ ಉಳಿದಿತ್ತು. ಒಂದು ಭಾನುವಾರ ಕೂತು ಸಿಂಹಕ್ಕೂ ಹಗ್ಗಕ್ಕೂ ಸೇರಿಸಿ ಎರಡು ಕೋಟು ಬಳಿದಳು, ಬಿಳಿ ಬಣ್ಣದಲ್ಲಿ ಮೇಲಿಂದ ಕೆಳಗೆ ಪಟ್ಟೆ ಎಳೆದಳು. ಬಸವನಗುಡಿಯಿಂದ ಅತ್ತೆ ಜಾನಕಮ್ಮ ಕಟ್ಟಿಕೊಟ್ಟಿದ್ದ ಬೀಜ ಅಷ್ಟರಲ್ಲಿ ಕುಂಡದಲ್ಲಿ ಮೊಳೆತು ಗೇಣುದ್ದ ಆಗಿತ್ತು. 2016ರ ಜೂನಿನಲ್ಲಿ ಅದನ್ನು ಕಲ್ಲಿಗೆ ಇಳಿಸಿದಳು. ಉತ್ತರದ ಬೇಸಿಗೆಯಲ್ಲಿ ಸೂರ್ಯ ಮುಳುಗಲು ಮನಸ್ಸೇ ಮಾಡುವುದಿಲ್ಲ, ಗಿಡ ಆ ಬಿಸಿಲನ್ನೆಲ್ಲ ಕುಡಿದು ಪೊದೆಯಾಗಿ ಬೆಳೆಯಿತು. ಬೆಳಿಗ್ಗೆ ನೀರು ಹಾಕಿ ಸುತ್ತು ಬಂದು ಕೈಮುಗಿಯುವ ಆ ಐದು ನಿಮಿಷದಲ್ಲಿ ಪದ್ಮಿನಿಗೆ ತಾನು ಯಾವ ದೇಶದಲ್ಲಿದ್ದೇನೆ ಎಂಬ ಯೋಚನೆ ಬರುತ್ತಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಅವಳು ಗುನ್ವೋರಳನ್ನು ಊಟಕ್ಕೆ ಕರೆದಳು. ಗುನ್ವೋರ್ ತನ್ನ ಜೊತೆ ಊರಿನ ಪಾದ್ರಿಯನ್ನೂ ಕರೆತಂದಳು. ಪಾದ್ರಿ ಎಂದರೆ ಜೀನ್ಸ್ ತೊಟ್ಟು ಸೈಕಲ್ ತುಳಿದು ಬರುವ ಇಂಗೆಲಾ ಎಂಬ ಹೆಂಗಸು. ಪದ್ಮಿನಿಗೆ ಅವರನ್ನು ಏನೆಂದು ಕರೆಯಬೇಕೋ ತಿಳಿಯದೆ ಮನಸ್ಸಿನಲ್ಲೇ ಪಾದ್ರಿಯಮ್ಮ ಎಂದು ಹೆಸರಿಟ್ಟುಕೊಂಡಿದ್ದಳು. ಪಾದ್ರಿಯಮ್ಮ ಎರಡು ಒಬ್ಬಟ್ಟು ತಿಂದು, ಮೂರನೆಯದನ್ನು ಬೇಡ ಬೇಡ ಎನ್ನುತ್ತಲೇ ತಿಂದು, ಕಾಫಿ ಲೋಟ ಹಿಡಿದು ಅಂಗಳಕ್ಕೆ ಇಳಿದರು. ಪದ್ಮಿನಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾಳೆ, ಅವರು ತುಳಸಿ ಕಟ್ಟೆಯನ್ನು ಸುತ್ತುತ್ತಿದ್ದಾರೆ!

“ರೀ, ಬೇಗ ಬನ್ನಿ ಇಲ್ಲಿ! ಪಾದ್ರಿಯಮ್ಮ ಪ್ರದಕ್ಷಿಣೆ ಹಾಕ್ತಿದಾರೆ.”

“ಸುಮ್ನಿರೆ ಪದ್ದು. ವಾಕ್ ಮಾಡ್ತಿರ್ಬೇಕು.”

“ಒಂದೇ ಕಲ್ಲಿನ ಸುತ್ತ ಯಾರ್ರೀ ವಾಕ್ ಮಾಡ್ತಾರೆ? ನೋಡಿ, ಎರಡನೇ ಸುತ್ತು ಶುರು ಮಾಡಿದ್ರು.”

ಮೂರನೆಯ ಸುತ್ತಿಗೆ ಪಾದ್ರಿಯಮ್ಮ ಲೋಟವನ್ನು ಹುಲ್ಲಿನ ಮೇಲಿಟ್ಟು ಮಂಡಿಯೂರಿ ಕೂತರು. ಸಿಂಹದ ಮೇಲೆ ಕೈಯಾಡಿಸಿದರು. ಪದ್ಮಿನಿಯ ಕಣ್ಣು ತುಂಬಿತು. ಅರಿಶಿನ ಕುಂಕುಮದ ತಟ್ಟೆ ಹಿಡಿದು, ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಹತ್ತಿರ ಹೋದಾಗ ಪಾದ್ರಿಯಮ್ಮನ ಮುಖ ಬಿಳುಚಿಕೊಂಡಿತ್ತು.

“ಪದ್ಮಿನಿ, ಇದು ನಿಮಗೆ ಎಲ್ಲಿ ಸಿಕ್ಕಿತು?” ಎಂದು ಅವರು ಸ್ವೀಡಿಷಿನಲ್ಲಿ ಕೇಳಿದರು.

ವಿಷಯ ಹೀಗಿತ್ತು. ಊರಿನ ಈಗಿನ ಚರ್ಚು ಸುಮಾರು ಇನ್ನೂರು ವರ್ಷದ್ದು. ಅದಕ್ಕೂ ಮುಂಚೆ ಅದೇ ಜಾಗದಲ್ಲಿ ಬಹಳ ಹಳೆಯದೊಂದು ಪುಟ್ಟ ಚರ್ಚಿತ್ತು. ಅದನ್ನು ಕೆಡವಿದಾಗ ಒಳಗಿದ್ದ ದೀಕ್ಷಾಸ್ನಾನದ ಕಲ್ಲು, ಅಂದರೆ ಹುಟ್ಟಿದ ಮಕ್ಕಳ ತಲೆಗೆ ನೀರು ಹಾಕಿ ಹೆಸರಿಟ್ಟು ಬರಮಾಡಿಕೊಳ್ಳುವ ಕಲ್ಲು, ಹಳೇ ಕಾಲದ್ದೆಂದು ಹೊರಗೆ ಹೋಯಿತು. ಯಾರ ಮನೆ ಸೇರಿತೋ ಯಾರಿಗೂ ಗೊತ್ತಿಲ್ಲ. ಅದರ ಪೀಠ ಮಾತ್ರ ಚರ್ಚಿನ ಮೂಲೆಯಲ್ಲಿ ಉಳಿದಿತ್ತು, ಅದರ ಮೇಲೂ ಇದೇ ಹಗ್ಗದ ಪಟ್ಟಿ. ಅಂದಿನಿಂದ ಊರಿನ ಮಕ್ಕಳಿಗೆಲ್ಲ ಮರದ ಕಾಲಿನ ಮೇಲೆ ಇಟ್ಟ ಹಿತ್ತಾಳೆ ಬೋಗುಣಿಯಲ್ಲೇ ದೀಕ್ಷಾಸ್ನಾನ ನಡೆದಿತ್ತು.

ಪದ್ಮಿನಿ ತಟ್ಟೆ ಹಿಡಿದೇ ನಿಂತಳು. ತಾನು ಬಳಿದ ಎರಡು ಕೋಟು ಕೆಂಪು, ಅದರ ಮೇಲಿನ ಬಿಳಿ ಪಟ್ಟೆ ಕಣ್ಣಿಗೆ ಹೊಡೆಯುತ್ತಿದ್ದವು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಮುಂದಿನ ವಾರ ಪಾದ್ರಿಯಮ್ಮನ ಜೊತೆ ಮ್ಯೂಸಿಯಮ್ಮಿನಿಂದ ಒಬ್ಬಾಕೆ ಬಂದಳು. ಎಂಟುನೂರು ವರ್ಷದ ಮರಳುಗಲ್ಲು ಎಂದಳು. ಬಣ್ಣವನ್ನು ನೋಡಿ ದೊಡ್ಡದೊಂದು ಉಸಿರು ಬಿಟ್ಟಳು, ಬೈಯಲಿಲ್ಲ. ಬೈದಿದ್ದರೆ ಪದ್ಮಿನಿಗೆ ಸ್ವಲ್ಪ ಹಗುರಾಗುತ್ತಿತ್ತು. ಆಕೆ ಹೆದರಿದ್ದು ಬಣ್ಣಕ್ಕಿಂತ ಒಳಗಿನ ಮಣ್ಣಿಗೆ. ಕಲ್ಲು ನೀರು ಹೀರಿಕೊಂಡಿದೆ, ಹಿಮ ಕಚ್ಚಿದರೆ ಒಳಗಿನ ನೀರು ಉಬ್ಬಿ ಕಲ್ಲು ಸೀಳುತ್ತದೆ, ಚಳಿಗಾಲಕ್ಕೆ ಮುಂಚೆ ಖಾಲಿ ಮಾಡಿ ಒಳಗಿಡಲೇಬೇಕು ಎಂದಳು. ಕಲ್ಲು ಮನೆಯ ಜೊತೆ ಬಂದದ್ದರಿಂದ ತಾವು ಒತ್ತಾಯ ಮಾಡುವುದಿಲ್ಲ, ಕೇಳಿಕೊಳ್ಳುತ್ತೇವೆ ಅಷ್ಟೇ ಎಂದು ಪಾದ್ರಿಯಮ್ಮ ಸೇರಿಸಿದರು. ಎಲ್ಲರೂ ಶಿವಪ್ರಸಾದನ ಮುಖ ನೋಡಿದರು. ಅವನು ತನಗೆ ಬರುವ ಸ್ವೀಡಿಷನ್ನೆಲ್ಲ ಒಟ್ಟುಗೂಡಿಸಿ, ಖಂಡಿತ, ನಾಳೆಯೇ ತೆಗೆದುಕೊಂಡು ಹೋಗಿ ಎಂದುಬಿಟ್ಟ.

ಅವರ ಕಾರು ತಿರುವು ದಾಟುವವರೆಗೆ ಪದ್ಮಿನಿ ಕಾದಳು.

“ಯಾರನ್ನ ಕೇಳಿ ಕೊಟ್ರಿ?”

“ಇನ್ನೇನ್ ಮಾಡ್ಲಿ? ಅದು ಅವರ ಚರ್ಚಿಂದು ಕಣೆ. ನಾಳೆ ನಾವು ಇದೇ ಊರಲ್ಲಿ ಮುಖ ತೋರಿಸ್ಬೇಕು. ಗಿಡಾನ ಪಾಟ್‌ಗೆ ಶಿಫ್ಟ್ ಮಾಡಿದ್ರಾಯ್ತಪ್ಪ.”

“ಶಿಫ್ಟ್ ಮಾಡೋಕೆ ಅದೇನು ನಿಮ್ಮ ಕಾರ್ ಪಾರ್ಟಾ? ತುಳಸಿ ಹಬ್ಬ ಎದುರಿಗಿಟ್ಕೊಂಡು ಯಾರಾದ್ರೂ ತುಳಸಿ ಕೀಳ್ತಾರಾ? ಒಳ್ಳೆಯವರು ಅನ್ನಿಸ್ಕೊಳ್ಳೋಕೆ ನನ್ನ ತುಳಸೀನೇ ಬೇಕಿತ್ತಾ ನಿಮಗೆ?”

ತಪ್ಪು ತನ್ನದೇ ಎಂದು ಗೊತ್ತಾದಾಗ ಶಿವಪ್ರಸಾದ ಪಾತ್ರೆ ತೊಳೆಯಲು ಹೋಗುತ್ತಾನೆ. ಆ ಸಂಜೆ ತೊಳೆದಿದ್ದ ಪಾತ್ರೆಗಳನ್ನೂ ಮತ್ತೊಮ್ಮೆ ತೊಳೆದ.

ಮರುದಿನ ಪದ್ಮಿನಿ ತಾನೇ ಚರ್ಚಿಗೆ ಹೋದಳು. ಕಲ್ಲು ಕೊಡುತ್ತೇನೆ, ಆದರೆ ನವೆಂಬರಿನಲ್ಲಿ ತುಳಸಿಗೆ ಮದುವೆಯಿದೆ, ಅದು ಮುಗಿಯುವ ತನಕ ಸಮಯ ಕೊಡಿ ಎಂದು ಕೇಳಿದಳು. ಪಾದ್ರಿಯಮ್ಮ ಗಂಡು ಯಾರು ಎಂದು ವಿಚಾರಿಸಿದರು. ದೇವರು, ನೆಲ್ಲಿಕೊಂಬೆಯ ರೂಪದಲ್ಲಿ ಬರುತ್ತಾನೆ ಎಂದಳು ಪದ್ಮಿನಿ. ಪ್ರತಿವರ್ಷವೂ ಮದುವೆಯೇ ಎಂದರು. ಹೌದು, ಪ್ರತಿವರ್ಷ. ಪಾದ್ರಿಯಮ್ಮ, ಮದುವೆ ಗೊತ್ತಾದ ಹುಡುಗಿಯನ್ನು ಮನೆ ಬಿಡಿಸುವುದು ತನಗೂ ಸರಿ ಕಾಣುವುದಿಲ್ಲ ಎಂದು ಗಂಭೀರವಾಗಿ ಹೇಳಿದರು. ಊರಿನಲ್ಲಿ ಒಂದಿಬ್ಬರು ಇದೇನು ಆಟ ಎಂದು ಮೂಗು ಮುರಿದರಂತೆ. ಕೊನೆಗೆ ಹಬ್ಬದ ಮರುದಿನಕ್ಕೆ ಕಲ್ಲೆತ್ತುವ ಲಾರಿ ಗೊತ್ತಾಯಿತು.

ಚಳಿಗೆ ಈ ಒಪ್ಪಂದ ಯಾರೂ ತಿಳಿಸಿರಲಿಲ್ಲ. ಅಕ್ಟೋಬರ್ ನಡುವಿನ ಒಂದು ಶನಿವಾರ ಮಧ್ಯಾಹ್ನ ಶಿವಪ್ರಸಾದನ ಫೋನು ರಾತ್ರಿಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ ಎಂದು ತೋರಿಸಿತು. ಮ್ಯೂಸಿಯಮ್ಮಿನಲ್ಲಿ ಯಾರೂ ಫೋನೆತ್ತಲಿಲ್ಲ. ಲಾರಿಯವನು ಸೋಮವಾರ ನೋಡೋಣ ಎಂದ.

“ಒಂದು ರಾತ್ರಿ ತಾನೆ. ರಜಾಯಿ ಹೊದಿಸೋಣ ಬಿಡು,” ಎಂದ ಶಿವಪ್ರಸಾದ. ಆಗಸ್ಟಿನಲ್ಲಿ ತಿಂದ ಬೈಗುಳದ ರುಚಿ ಅವನ ಬಾಯಲ್ಲಿನ್ನೂ ಇತ್ತು. “ಇಷ್ಟು ವರ್ಷ ಚಳೀಲೇ ಬಿದ್ದಿರ್ಲಿಲ್ವಾ ಅದು? ಏನಾಯ್ತು?”

“ಬೋರಲು ಬಿದ್ದಿತ್ತು ರೀ. ಒಳಗೆ ಒಂದು ಹನಿ ನೀರು ನಿಲ್ತಿರ್ಲಿಲ್ಲ. ಎತ್ತಿ ನಿಲ್ಲಿಸಿ ದಿನಾ ತಂಬಿಗೆಗಟ್ಟಲೆ ಹುಯ್ದಿದ್ದು ನಾನು.”

ಅವಳು ಅಂಗಳಕ್ಕೆ ಹೋಗಿ ಮಣ್ಣಿಗೆ ಬೆರಳು ಚುಚ್ಚಿ ನೋಡಿದಳು. ಮಣ್ಣು ತೊಯ್ದು ಹಿಟ್ಟಾಗಿತ್ತು. ಕೆಳಗಿನ ತೂತಿನಿಂದ ನೀರು ಇಳಿಯುವುದು ಯಾವಾಗಲೋ ನಿಂತಿತ್ತು. ಕೀಳಲು ಕೈಬರುತ್ತಿಲ್ಲ, ಬಿಡಲು ಮನಸ್ಸು ಒಪ್ಪುತ್ತಿಲ್ಲ. ಬಿಸಿಲು ಆಗಲೇ ಕೊಟ್ಟಿಗೆಯ ಮಾಡು ದಾಟಿತ್ತು. ಅವಳು ಅತ್ತೆಗೆ ವೀಡಿಯೊ ಕಾಲ್ ಮಾಡಿದಳು.

ಜಾನಕಮ್ಮ ಪೂರ್ತಿ ಕೇಳಿಸಿಕೊಂಡರು.

“ಹಬ್ಬಕ್ಕೆ ಇನ್ನೊಂದು ತಿಂಗಳೂ ಇಲ್ಲ. ಈಗ ಕೀಳ್ತೀನಿ ಅಂತೀಯಲ್ಲೇ ಪದ್ಮಿನಿ. ಅದೂ ಮುಸ್ಸಂಜೆ ಹೊತ್ತಲ್ಲಿ. ಹೊತ್ತು ಮುಳುಗಿದ ಮೇಲೆ ತುಳಸಿ ಮುಟ್ಟಬಾರ್ದು ಅಂತ ಗೊತ್ತಿಲ್ವಾ ನಿಂಗೆ?”

“ಕಲ್ಲು ಒಡೆದುಹೋಗತ್ತೆ ಅತ್ತೆ.”

“ಕಲ್ಲು ಅವರದು. ತುಳಸಿ ನಮ್ಮದು.”

ಅತ್ತೆ ಹೇಳಿದ್ದು ಪದ್ಮಿನಿಯ ಮನಸ್ಸಿನಲ್ಲೂ ಇದ್ದ ಮಾತೇ.

“ಗಿಡ ಹೋದ್ರೆ ಇನ್ನೊಂದು ಬೀಜ ಹಾಕ್ತೀನಿ ಅತ್ತೆ,” ಎಂದಳು ಕೊನೆಗೆ. “ಕಲ್ಲು ಹೋದ್ರೆ ಯಾವ ಬೀಜ ಹಾಕ್ಲಿ? ಈ ಊರಿನವರ ಮುತ್ತಜ್ಜನ ಮುತ್ತಜ್ಜಂದಿರಿಗೆಲ್ಲ ಹೆಸರಿಟ್ಟ ಕಲ್ಲಂತೆ ಅದು.”

ಜಾನಕಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು.

“ಹಂಗಾದ್ರೆ ಮೊದ್ಲು ಒಂದು ದೀಪ ಹಚ್ಚು. ತಪ್ಪಾಯ್ತು ತಾಯಿ ಅಂತ ಬಾಯಿಬಿಟ್ಟು ಕೇಳ್ಕೊ. ಆಮೇಲೆ ಕೈ ಹಾಕು. ಬೇರು ಮಾತ್ರ ಕಡೀಬೇಡ.”

ಅವಳು ದೀಪ ಹಚ್ಚಿದಳು, ಬಾಯಿಬಿಟ್ಟೇ ಕೇಳಿಕೊಂಡಳು. ಇರಾಳ ಮರಳಾಟದ ಸಲಿಕೆಯಿಂದ ಅಂಚಿನ ಮಣ್ಣನ್ನು ಬಿಡಿಸಿದಳು. ಶಿವಪ್ರಸಾದ ಫೋನಿನ ಬೆಳಕು ಹಿಡಿದ. ಎದುರು ಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡಿದ ಗುನ್ವೋರ್ ಕೋಟಿನ ಮೇಲೊಂದು ಕೋಟು ಹಾಕಿಕೊಂಡು, ಕೈಯಲ್ಲಿ ಸೌಟು ಹಿಡಿದು ಬಂದು ಏನನ್ನೂ ಕೇಳದೆ ಮಣ್ಣು ತೋಡತೊಡಗಿದಳು. ಹೆಂಟೆ ಸಡಿಲವಾಯಿತು, ಮೇಲೆ ಬರಲಿಲ್ಲ. ತಾಯಿಬೇರು ಕೆಳಗಿನ ತೂತಿನಿಂದ ಇಳಿದು ಅಂಗಳದ ನೆಲಕ್ಕೆ ಹೋಗಿತ್ತು. ಕಲ್ಲು ಕಾಪಾಡಬೇಕಾದರೆ ಅದನ್ನು ಕತ್ತರಿಸದೆ ದಾರಿಯಿರಲಿಲ್ಲ.

“ನಾನ್ ಮಾಡ್ಲಾ?” ಎಂದ ಶಿವಪ್ರಸಾದ.

“ಬೇಡ. ನೆಟ್ಟಿದ್ದು ನಾನು.”

ಅಡುಗೆಮನೆಯ ಕತ್ತರಿಯಿಂದ ಅವಳೇ ಕತ್ತರಿಸಿದಳು. ಬೇರು ಇನ್ನೂ ಎಳೆಯದು, ಸುಲಭವಾಗಿ ತುಂಡಾಯಿತು. ಅವಳು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತಳು, ಯಾರಿದ್ದಾರೆ ಯಾರಿಲ್ಲ ಎಂದು ನೋಡಲಿಲ್ಲ. ಆಮೇಲೆ ಮೂವರೂ ಸೇರಿ ಸ್ನಾನದ ಟವೆಲ್ಲುಗಳಿಂದ ಕಲ್ಲಿನ ಒಳಗನ್ನು ಒರೆಸಿ, ಹೇರ್ ಡ್ರೈಯರಿನಿಂದ ಗಾಳಿ ಹಿಡಿದು, ಟಾರ್ಪಾಲು ಮುಚ್ಚಿ, ಮೇಲೆ ಎರಡು ರಜಾಯಿ ಹೊದಿಸಿದರು. ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಮರೆತಿದ್ದ ಬಕೆಟ್ಟಿನ ತಳದಲ್ಲಿದ್ದ ನೀರು ಗಟ್ಟಿಯಾಗಿತ್ತು. ಕಲ್ಲಿಗೆ ಏನೂ ಆಗಿರಲಿಲ್ಲ. ಸೋಮವಾರ ಲಾರಿ ಬಂದು ಅದನ್ನು ಒಯ್ದಿತು.

ಕುಂಡಕ್ಕೆ ಹಾಕಿದ ತುಳಸಿ ಹತ್ತು ದಿನ ಹೋರಾಡಿತು. ಎಲೆಯೆಲ್ಲ ಉದುರಿದ ಮೇಲೆ ಶಿವಪ್ರಸಾದ ಸೂಪರ್ ಮಾರ್ಕೆಟ್ಟಿನಿಂದ ಹಸಿರಾಗಿ ನಳನಳಿಸುವ ಒಂದು ಬೇಸಿಲ್ ಕುಂಡ ತಂದು ದೇವರ ಮುಂದೆ ಇಟ್ಟ.

“ಇದೂ ತುಳಸಿ ಫ್ಯಾಮಿಲೀನೇ ಕಣೆ. ಗೂಗಲ್ ಮಾಡಿದೀನಿ.”

ಇರಾ ಬಂದು ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು, ಇವತ್ತು ಪಿಜ್ಜಾನಾ ಎಂದು ಸ್ವೀಡಿಷಿನಲ್ಲಿ ಕೇಳಿದಳು. ಅಷ್ಟು ದಿನಗಳ ಮೇಲೆ ಪದ್ಮಿನಿ ಮೊದಲ ಸಲ ನಕ್ಕಳು. ಹಬ್ಬದ ದಿನ ಒಣಗಿದ ತುಳಸಿ ಕಡ್ಡಿಗೇ ಅರಿಶಿನ ಹಚ್ಚಿ, ಏಷ್ಯನ್ ಅಂಗಡಿಯ ಫ್ರೋಜನ್ ನೆಲ್ಲಿಕಾಯಿಯ ಜೊತೆ ಮದುವೆ ಮಾಡಿದಳು. ಕಡ್ಡಿಯಾದರೂ ತುಳಸಿ ತುಳಸಿಯೇ ಎಂದು ಜಾನಕಮ್ಮ ಫೋನಿನಲ್ಲಿ ಒಪ್ಪಿಗೆ ಕೊಟ್ಟಿದ್ದರು. ಆದರೂ ಆ ಚಳಿಗಾಲ ಅವಳಿಗೆ ಉದ್ದವೆನ್ನಿಸಿತು. ಅಂಗಳದಲ್ಲಿ ಕಲ್ಲಿದ್ದ ಜಾಗದ ಗುಂಡು ಗುರುತು ಕಿಟಕಿಯಿಂದ ಕಾಣುತ್ತಿತ್ತು. ಅವಳು ಚರ್ಚಿನ ಕಡೆಗೆ ಹೋಗಲೇ ಇಲ್ಲ, ತನ್ನದನ್ನು ಇನ್ನೊಬ್ಬರ ಮನೆಯಲ್ಲಿ ನೋಡಲು ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮಾರ್ಚಿನಲ್ಲಿ ಗುನ್ವೋರ್ ಸುದ್ದಿ ತಂದಳು. ಕಲ್ಲನ್ನು ತೊಳೆದು, ತಳದ ತೂತಿಗೆ ಹೊಸ ಬೆಣೆ ಹೊಡೆದು ಪೀಠದ ಮೇಲೆ ಕೂರಿಸಿದ್ದಾರೆ. ಬಿಳಿ ಪಟ್ಟೆ ಹೋಗಿದೆ, ಕೆಂಪು ಪೂರ್ತಿ ಹೋಗಿಲ್ಲ. ಸಿಂಹದ ಬಾಯೊಳಗೆ, ಹಗ್ಗದ ಸಂದಿಗಳಲ್ಲಿ ಉಳಿದುಬಿಟ್ಟಿದೆ. ಇನ್ನೂ ಉಜ್ಜಿದರೆ ಕಲ್ಲೇ ಸವೆಯುತ್ತದೆ ಎಂದು ಅಷ್ಟಕ್ಕೇ ಬಿಟ್ಟಿದ್ದಾರಂತೆ. ಪದ್ಮಿನಿ ಮುಖ ಮುಚ್ಚಿಕೊಂಡು, ನನ್ನಿಂದ ಹಾಳಾಯಿತು ಎಂದಳು.

“ನಾಚಿಕೆ ಪಡುವವರು ನಾವು,” ಎಂದಳು ಗುನ್ವೋರ್. “ನಮ್ಮಜ್ಜ ಅದರಲ್ಲಿ ದನಕ್ಕೆ ನೀರು ಕುಡಿಸಿದ. ನಮ್ಮಣ್ಣ ಅದನ್ನು ತುರುಚೆ ಗಿಡದಲ್ಲಿ ಎಸೆದ. ಅದಕ್ಕೆ ಕೈಮುಗಿದವಳು ನೀನೊಬ್ಬಳು.” ನಂತರ ಬಂದ ಕೆಲಸ ಹೇಳಿದಳು. ಅವಳ ಮೊಮ್ಮಗಳ ಕೂಸಿಗೆ ಮೇ ತಿಂಗಳಲ್ಲಿ ದೀಕ್ಷಾಸ್ನಾನ. ಆ ಕಲ್ಲಿನಲ್ಲಿ ನಡೆಯುವ ಮೊದಲನೆಯದು. ಕಲ್ಲಿಗೆ ನೀರು ತಂದು ತುಂಬುವುದು ಮನೆಯವರ ಕೆಲಸ. ಅದನ್ನು ಪದ್ಮಿನಿ ಮಾಡಬೇಕು.

“ನಾನು ನಿಮ್ಮ ಧರ್ಮದವಳಲ್ಲವಲ್ಲ,” ಎಂದು ಪದ್ಮಿನಿ ಪಾದ್ರಿಯಮ್ಮನಿಗೇ ಫೋನು ಮಾಡಿ ಕೇಳಿದಳು.

“ದೀಕ್ಷೆ ಕೊಡುವುದು ನನ್ನ ಕೆಲಸ, ಅದನ್ನು ನಾನು ಮಾಡುತ್ತೇನೆ. ನೀರು ಯಾರಾದರೂ ತರಲೇಬೇಕಲ್ಲ,” ಎಂದರು ಅವರು.

ಮೇ ತಿಂಗಳ ಆ ಭಾನುವಾರ ಪದ್ಮಿನಿ ಹಸಿರು ರೇಷ್ಮೆ ಸೀರೆ ಉಟ್ಟು, ಅಡುಗೆಮನೆಯ ನಲ್ಲಿಯಿಂದ ತಾಮ್ರದ ತಂಬಿಗೆ ತುಂಬಿಕೊಂಡು ಚರ್ಚಿಗೆ ಹೋದಳು. ಸಿಂಹದ ಬಾಯಿ ವೀಳ್ಯ ಮೆದ್ದಂತೆ ಕೆಂಪಗಿತ್ತು. ಪೀಠದ ಮೇಲೆ ಕೂತ ಕಲ್ಲು ಅವಳ ಅಂಗಳದಲ್ಲಿದ್ದುದಕ್ಕಿಂತ ಎತ್ತರವಾಗಿ ಕಂಡಿತು. ಹೊಟ್ಟೆಕಿಚ್ಚು ಒಂದು ಕ್ಷಣ ಎದ್ದಿತು. ಗುನ್ವೋರಳ ಮೊಮ್ಮಗಳು ಕೂಸನ್ನು ಎತ್ತಿಕೊಂಡು ಹತ್ತಿರ ಬಂದು, ಇಂಥ ಭಾಗ್ಯ ನನ್ನಮ್ಮನಿಗೂ ಇರಲಿಲ್ಲ, ಅಜ್ಜಿಗೂ ಇರಲಿಲ್ಲ, ನಿಮ್ಮಿಂದ ಇವಳಿಗೆ ಸಿಕ್ಕಿತು ಎಂದು ಮೆಲ್ಲಗೆ ಹೇಳಿದಳು. ಪದ್ಮಿನಿ ಕೂಸಿನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಪಾದ್ರಿಯಮ್ಮ ತಲೆಯಾಡಿಸಿದರು. ಪದ್ಮಿನಿ ತಂಬಿಗೆಯನ್ನು ಬಗ್ಗಿಸಿದಳು. ಶುಭಕಾರ್ಯಕ್ಕೆ ನೀರು ತುಂಬುವಾಗ ಅವಳ ತುಟಿ ಎಂದೂ ಸುಮ್ಮನಿದ್ದದ್ದಿಲ್ಲ. ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಎಂದು ಒಬ್ಬೊಬ್ಬರನ್ನೇ ಕರೆದು ನೀರಿಗೆ ಬರಮಾಡಿಕೊಳ್ಳುವುದನ್ನು ಚಿಕ್ಕಂದಿನಲ್ಲಿ ಅವಳಿಗೆ ಯಾರೋ ಕಲಿಸಿದ್ದರು. ಇಂದೂ ದನಿಯಿಲ್ಲದೆ ಕಾವೇರಿಯವರೆಗೆ ಬಂದಳು. ಅಲ್ಲಿ ಕೈ ತಡೆಯಿತು. ತಂಬಿಗೆಯಲ್ಲಿರುವುದು ಇವರಲ್ಲಿ ಯಾರ ನೀರೂ ಅಲ್ಲ. ಹಳ್ಳಿಯ ಕೆಳಗೆ ಹರಿದು ಗೋಥೆನ್‌ಬರ್ಗಿನಲ್ಲಿ ಸಮುದ್ರ ಸೇರುವ ಯೋತಾ ನದಿಯದು. ಇಷ್ಟು ವರ್ಷ ಅದನ್ನೇ ಕುಡಿದು, ಅದರಲ್ಲೇ ಅನ್ನ ಬೇಯಿಸಿ, ಅದನ್ನೇ ತುಳಸಿಗೂ ಹುಯ್ದು, ಒಂದು ದಿನವೂ ಹೆಸರು ಹಿಡಿದು ಕರೆದಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಮ್ಮೂರ ಯೋತೆ, ನೀನೂ ಬಾರಮ್ಮ ಎಂದು ಅವಳು ಮನಸ್ಸಿನಲ್ಲೇ ಕರೆದಳು. ಆಮೇಲೆ ತಂಬಿಗೆಯಲ್ಲಿ ಉಳಿದದ್ದನ್ನೆಲ್ಲ ನಿಧಾನವಾಗಿ ಸುರಿದು, ಕೂಸಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಳು.